ಬೋರ್ಡಿಗೆ ಕೂತರೆ ಸಾಲದು: ಎಫ್‌ಪಿಜಿಎ ಪ್ಯಾಕೇಜ್ ಆರಿಸುವುದು ಹೇಗೆ?

ಎಕ್ಸ್‌ಸಿ7ಕೆ325ಟಿ-2ಎಫ್‌ಎಫ್‌ಜಿ676ಸಿ, ಎಕ್ಸ್‌ಸಿ7ಕೆ325ಟಿ-2ಎಫ್‌ಬಿಜಿ676ಸಿ. ಇನ್ನೊಮ್ಮೆ ಓದಿ, ವ್ಯತ್ಯಾಸ ಒಂದೇ ಅಕ್ಷರ. ಎರಡೂ ಜೈಲಿಂಕ್ಸ್‌ನ ಕಿಂಟೆಕ್ಸ್-7 ಎಫ್‌ಪಿಜಿಎಗಳು, ಅಂದರೆ ಕೊಂಡ ಮೇಲೆ ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್ಪುಗಳು. ಒಳಗಿನ ಡೈ (ಸಿಲಿಕಾನ್ ತುಣುಕು) ಒಂದೇ, ಸ್ಪೀಡ್ ಗ್ರೇಡ್ (-2) ಒಂದೇ, 676 ಬಾಲ್‌ಗಳ ಜೋಡಣೆಯೂ ಒಂದೇ. ಬೇರೆಯಾದದ್ದು ಡೈಯನ್ನು ಹೊತ್ತ ಪ್ಯಾಕೇಜ್: ಮೊದಲನೆಯದು ಎಫ್‌ಎಫ್, ಎರಡನೆಯದು ಎಫ್‌ಬಿ. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಆದರೆ ಮೊದಲನೆಯದರ ಟ್ರಾನ್ಸೀವರ್ (ಅತಿವೇಗದಲ್ಲಿ ಡೇಟಾ ಕಳಿಸಿ ಪಡೆಯುವ ಭಾಗ) ಸೆಕೆಂಡಿಗೆ 10.3125 ಗಿಗಾಬಿಟ್ ಓಡುತ್ತದೆ, ಎರಡನೆಯದರ ಮಿತಿ 6.6. ಹೂಟಗಳ್ಳಿಯಲ್ಲೋ ಹೆಬ್ಬಾಳದಲ್ಲೋ ಬೋರ್ಡ್ ಮಾಡಿಸುವಾಗ ಖರೀದಿಯವರು 'ಅದೇ ಚಿಪ್ಪು ಸಾರ್, ರೇಟೂ ಕಡಿಮೆ' ಎಂದು ಎರಡನೆಯದನ್ನು ತರಿಸಿದರೆ 10 ಗಿಗಾಬಿಟ್ ಈಥರ್ನೆಟ್ ಆಸೆ ಬಿಡಬೇಕು.

10.3125ರ ವೇಗದಲ್ಲಿ ಒಂದು ಬಿಟ್‌ನ ಆಯಸ್ಸು ಸುಮಾರು 97 ಪಿಕೊಸೆಕೆಂಡ್. ಡೈ ಬಿಟ್ಟ ಸಿಗ್ನಲ್ ಬಂಪ್ (ಡೈಯಡಿಯ ಸಣ್ಣ ಬೆಸುಗೆ ಉಬ್ಬು), ಸಬ್‌ಸ್ಟ್ರೇಟ್ ಟ್ರೇಸ್ (ಪ್ಯಾಕೇಜಿನೊಳಗಿನ ತಾಮ್ರದ ಗೆರೆ), ವಯಾ (ಪದರ ದಾಟಿಸುವ ರಂಧ್ರ), ಸಾಲ್ಡರ್ ಬಾಲ್ ದಾಟಿ ಬರಬೇಕು. ಇಂಪೀಡೆನ್ಸ್ (ಸಿಗ್ನಲ್‌ಗೆ ದಾರಿ ಒಡ್ಡುವ ತಡೆ) ಏರುಪೇರಾದ ಕಡೆಯೆಲ್ಲ ಅದರ ಒಂದು ಪಾಲು ವಾಪಸ್ ಬಡಿಯುತ್ತದೆ. ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಹಾರಿ ಬಂದು ಮೈಸೂರಿನ ರಿಂಗ್ ರಸ್ತೆ ಸಿಗ್ನಲ್‌ನಲ್ಲಿ ನಿಂತ ಹಾಗೆ. ಡೈಯನ್ನು ತಂತಿಯಿಂದ ಜೋಡಿಸುವ ವೈರ್‌ಬಾಂಡ್ ಪ್ಯಾಕೇಜಿನ ಕಥೆ ಇನ್ನೂ ಕಷ್ಟ: ಕೂದಲೆಳೆಯಂಥ ತಂತಿಗೆ ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿ, ಅಂದರೆ 5 ಗಿಗಾಹರ್ಟ್ಸ್‌ನಲ್ಲಿ 31 ಓಮ್. 50 ಓಮ್ ಲೈನಿನಲ್ಲಿ ಇದು ಚಿಲ್ಲರೆಯಲ್ಲ. ಎಫ್‌ಎಫ್, ಎಫ್‌ಬಿ ಎರಡರಲ್ಲೂ ತಂತಿಯಿಲ್ಲ, ಡೈ ಮಗುಚಿ ಬಂಪ್‌ಗಳ ಮೇಲೆ ಕೂರಿಸುವ ಫ್ಲಿಪ್‌ಚಿಪ್ಪೇ; ಎಫ್‌ಬಿ ಮುಚ್ಚಳವಿಲ್ಲದ ಅಗ್ಗದ ಬಗೆ.

ಹಾಗಾಗಿ ಮೊದಲು ಲೈನ್ ರೇಟ್ ಲೆಕ್ಕ ಹಾಕಿ, ಎನ್‌ಕೋಡಿಂಗ್‌ನ ಹೆಚ್ಚುವರಿ ಬಿಟ್‌ಗಳನ್ನೂ ಸೇರಿಸಿ. 10 ಗಿಗಾಬಿಟ್ ಈಥರ್ನೆಟ್‌ಗೆ 10 × 66/64 = 10.3125; 1 ಗಿಗಾಬಿಟ್‌ಗೆ 1 × 10/8 = 1.25.

ಆಮೇಲೆ ಡೇಟಾಶೀಟಿನ ಜಿಟಿಎಕ್ಸ್ (ಈ ಚಿಪ್ಪಿನ ಟ್ರಾನ್ಸೀವರ್) ಕೋಷ್ಟಕ ತೆರೆಯಿರಿ. ಮುಖಪುಟದ 12.5 ನಂಬಬೇಡಿ, ಅದು -3 ಗ್ರೇಡಿನ ಎಫ್‌ಎಫ್‌ಗೆ ಮಾತ್ರ. ಎಫ್‌ಎಫ್‌ನಲ್ಲಿ -2ಕ್ಕೆ 10.3125, -1ಕ್ಕೆ 8. ಎಫ್‌ಬಿಗೆ ಯಾವ ಗ್ರೇಡ್ ಕೊಂಡರೂ 6.6 ಮಾತ್ರ, ಟ್ರಾನ್ಸೀವರ್‌ಗೋಸ್ಕರ -3 ಕೊಳ್ಳುವುದು ದಂಡ.

ವಿವಾಡೊ (ಜೈಲಿಂಕ್ಸ್‌ನ ವಿನ್ಯಾಸ ತಂತ್ರಾಂಶ) ಪ್ರಾಜೆಕ್ಟಿನಲ್ಲಿ ಪೂರ್ತಿ ಪಾರ್ಟ್ ನಂಬರ್ ಆರಿಸಿ. ತಪ್ಪು ರೇಟ್ ಕೇಳಿದರೆ ವಿಝಾರ್ಡ್ ಅಲ್ಲೇ ತಡೆಯುತ್ತದೆ. ಎಫ್‌ಎಫ್‌ಗೆ ಮಾಡಿದ ಬಿಟ್‌ಸ್ಟ್ರೀಮನ್ನು (ಚಿಪ್ಪಿಗೆ ತುಂಬುವ ಫೈಲ್) ಎಫ್‌ಬಿಗೆ ಹಾಕಿದರೆ ಮಾತ್ರ ಯಾರೂ ತಡೆಯುವುದಿಲ್ಲ. ಅದನ್ನು ತುಂಬುವ ಜೆಟ್ಯಾಗ್ ಪೋರ್ಟಿಗೆ ಕಾಣುವ ಐಡಿಕೋಡ್ (ಗುರುತಿನ ಸಂಖ್ಯೆ) ಡೈಯದ್ದು, ಪ್ಯಾಕೇಜಿನದ್ದಲ್ಲ. ಚಿಪ್ಪಿನ ಬೆನ್ನಿನ ಬರಹವನ್ನು ಕಣ್ಣಾರೆ ಓದುವುದೇ ದಾರಿ.

ಬೋರ್ಡ್ ಬಂದ ಮೇಲೆ ಐಬರ್ಟ್ (ಬಿಟ್ ದೋಷ ಎಣಿಸುವ ಜೈಲಿಂಕ್ಸ್ ಪರೀಕ್ಷೆ) ಓಡಿಸಿ, ಪ್ಯಾಟರ್ನ್ ಪಿಆರ್‌ಬಿಎಸ್-31 (ಯಾದೃಚ್ಛಿಕದಂತೆ ಕಾಣುವ ಬಿಟ್ ಸಾಲು). ಹಲವರು ಎಡವುವುದು ಇಲ್ಲೇ: ನಿಯರ್-ಎಂಡ್ ಪಿಎಂಎ ಲೂಪ್‌ಬ್ಯಾಕ್ (ಕಳಿಸಿದ್ದನ್ನು ಟ್ರಾನ್ಸೀವರ್ ತನಗೇ ಮರಳಿಸುವ ವಿಧಾನ) ಡೈಯೊಳಗೇ ತಿರುಗುತ್ತದೆ, ಪ್ಯಾಕೇಜನ್ನು ಮುಟ್ಟುವುದೇ ಇಲ್ಲ. ಅಲ್ಲಿ ಸೊನ್ನೆ ದೋಷ ಬಂತೆಂದು ಸಹಿ ಹಾಕಬೇಡಿ. ಎಸ್‌ಎಫ್‌ಪಿ+ (ಸಿಕ್ಕಿಸಿ ತೆಗೆಯಬಹುದಾದ ನೆಟ್‌ವರ್ಕ್ ಮಾಡ್ಯೂಲ್) ಹಾಕಿ ಹೊರಗಿನ ಕೇಬಲ್ಲಿನಿಂದ ತಿರುಗಿಸಿ. ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಕಡಿಮೆ ದೋಷ ಎಂದು 95% ಭರವಸೆಯಿಂದ ಹೇಳಲು 3 ಲಕ್ಷ ಕೋಟಿ ಬಿಟ್ ದೋಷವಿಲ್ಲದೆ ಸಾಗಬೇಕು, 10.3125ರಲ್ಲಿ ಸುಮಾರು 5 ನಿಮಿಷ. ದೋಷ ಬಂದರೆ ಮೊದಲು ಟ್ರಾನ್ಸೀವರ್‌ನ 1.0 ಮತ್ತು 1.2 ವೋಲ್ಟ್ ಸಪ್ಲೈ ನೋಡಿ, ನಾಯ್ಸ್ 10 ಮಿಲಿವೋಲ್ಟ್ ಮೀರಬಾರದು.

ಎಫ್‌ಬಿ ಆಗಲೇ ಕೈಗೆ ಬಂದಿದ್ದರೆ? ಎಸೆಯಬೇಕಿಲ್ಲ. 5 ಗಿಗಾಬಿಟ್‌ನ ಪಿಸಿಐ ಎಕ್ಸ್‌ಪ್ರೆಸ್ ಜೆನ್-2ಗೆ ಧಾರಾಳ. 10 ಗಿಗಾಬಿಟ್ಟೇ ಬೇಕೆಂದರೆ 3.125ರ ನಾಲ್ಕು ಲೇನಿನ ಝಾವಿ (XAUI) ಸಂಪರ್ಕ, ಹೊರಗೊಂದು ಫೈ (PHY, ಕೇಬಲ್ ಕಡೆಯ ಸಿಗ್ನಲ್ ನೋಡಿಕೊಳ್ಳುವ) ಚಿಪ್. ಹೀಟ್‌ಸಿಂಕ್ ಕ್ಲಿಪ್ ಮಾತ್ರ ಬದಲಿಸಿ: ಎಫ್‌ಎಫ್‌ಗಿಂತ ಎತ್ತರ ಕಡಿಮೆ, ಹಳೆಯದು ಸಡಿಲವಾಗುತ್ತದೆ. ಬಿಗಿ ಮಾಡಲೆಂದು ಒಂದು ಮೂಲೆ ಒತ್ತಿದರೆ ಬರಿ ಸಿಲಿಕಾನಿನ ಅಂಚು ಚಕ್ಕೆ ಏಳುತ್ತದೆ.