ಸ್ಟೋರೇಜ್ ಸ್ವಿಚ್: ಮ್ಯಾನೇಜ್‌ಮೆಂಟ್ ಕೇಬಲ್ ಬೇರೆ, ಡೇಟಾ ಕೇಬಲ್ ಬೇರೆ

ಬೆಳಗಾವಿ ಉದ್ಯಮಬಾಗ ಕಡೆ ಸರ್ವರ್ ನೋಡಿಕೊಳ್ಳುವ ಗೆಳೆಯರಿಗೆ ಒಂದು ಸಲಹೆ. ಐ-ಸ್ಕಜಿ ಸ್ಟೋರೇಜ್‌ಗೆ (ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಡಿಸ್ಕ್ ಒದಗಿಸುವ ಪೆಟ್ಟಿಗೆ) ಸ್ವಿಚ್ ಹಾಕುವಾಗ ಮೊದಲು ಸ್ವಿಚ್‌ನ ಮ್ಯಾನೇಜ್‌ಮೆಂಟ್ ಪೋರ್ಟ್ (ಸೆಟ್ಟಿಂಗ್ ನೋಡೋಕೆ, ಬದಲಿಸೋಕೆ ಇರುವ ಪೋರ್ಟ್) ಕೆಲಸ ಮುಗಿಸಿಬಿಡಿ. ಅದು ಮಾಮೂಲಿ ಆರ್‌ಜೆ-45, ಅಂದರೆ ಲ್ಯಾನ್ ಕೇಬಲ್ ಚುಚ್ಚುವಂಥದ್ದು. ಆಫೀಸ್ ನೆಟ್‌ವರ್ಕ್‌ನಲ್ಲಿ ಅದಕ್ಕೊಂದು ಬೇರೆ ವಿಲ್ಯಾನ್ (ಅದೇ ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಭಾಗ) ಕೊಡಿ. ಸ್ಟೋರೇಜ್ ನಡೆಸುವ ಅದರೊಳಗಿನ ಎರಡೂ ಕಂಟ್ರೋಲರ್‌ಗಳ ಮ್ಯಾನೇಜ್‌ಮೆಂಟ್ ಪೋರ್ಟ್ ಕೂಡ ಅಲ್ಲಿಗೇ ಹೋಗಲಿ. ಇದನ್ನು ಡೇಟಾ ಸ್ವಿಚ್‌ಗೆ ಚುಚ್ಚಬೇಡಿ. ಆ ಸ್ವಿಚ್ ಕೈಕೊಟ್ಟ ದಿನ ಒಳಗೆ ಹೋಗಿ ನೋಡೋಕೆ ದಾರಿಯೇ ಇರಲ್ಲ, ಅಲ್ವಾ?

ಡೇಟಾ ಕೇಬಲ್‌ಗೆ ಎರಡು ಸ್ವಿಚ್ ಇದ್ದರೆ ಚೆನ್ನ. ಪ್ರತಿ ಕಂಟ್ರೋಲರ್‌ನಿಂದ ಒಂದೊಂದು ಕೇಬಲ್ ಎರಡೂ ಸ್ವಿಚ್‌ಗೆ, ಪ್ರತಿ ಸ್ವಿಚ್‌ಗೂ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು).

ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಬೇಕಿದ್ದರೆ ಸರ್ವರ್, ಸ್ವಿಚ್, ಸ್ಟೋರೇಜ್ ಮೂರರಲ್ಲೂ ಹಾಕಿ. ಒಂದು ಕಡೆ ಬಿಟ್ಟರೂ ತೊಂದರೆ ಹಿಡಿಯೋದು ಕಷ್ಟ, ಯಾಕೆಂದರೆ ಮಾಮೂಲಿ ಪಿಂಗ್ ಹೋಗುತ್ತದೆ, ಡೇಟಾ ಮಾತ್ರ ತಡವರಿಸುತ್ತದೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಬೈಟ್ ಇಟ್ಟಿದ್ದರೆ, ಪ್ಯಾಕೆಟ್ ತುಂಡಾಗದಂತೆ ಆಯ್ಕೆ ಕೊಟ್ಟು 8972 ಬೈಟ್‌ನ ಪಿಂಗ್ ಮಾಡಿ. ಉಳಿದ 28 ಬೈಟ್ ಹೆಡರ್‌ಗೆ.

ಇಲ್ಲಿ ಫೌಂಡ್ರಿ ಧೂಳು ಜಾಸ್ತಿ. ಖಾಲಿ ಎಸ್‌ಎಫ್‌ಪಿಗಳ (ಫೈಬರ್ ಚುಚ್ಚಲು ಸ್ವಿಚ್‌ಗೆ ಹಾಕುವ ಮಾಡ್ಯೂಲ್) ರಬ್ಬರ್ ಮುಚ್ಚಳ ತೆಗೆಯಬೇಡಿ. ಫೈಬರ್ ತುದಿಯನ್ನು ಅಂಗಿಗೆ ಒರೆಸೋದಂತೂ ಬೇಡವೇ ಬೇಡ.