ಟ್ರಕ್ಕಿನ ಮನೆಗೆ ಸಲಕರಣೆಗಳನ್ನು ಆರಿಸಿದ ನನ್ನ ಅನುಭವ

ಪ್ರಯಾಣಕ್ಕೆಂದು ಟ್ರಕ್ಕಿನ ಮೇಲೆ ಕಟ್ಟಿದ ವಾಸದ ಪೆಟ್ಟಿಗೆಯ ಕೆಲಸವೆಲ್ಲ ಮುಗಿದ ಮೇಲೆ ಟ್ರಕ್ಕನ್ನು ಮೂರು ದಿನ ಶೆಡ್ಡಿನೊಳಗೆ ನಿಲ್ಲಿಸಿದ್ದೆ. ಒಳಗೆ ಯಾರೂ ಇರಲಿಲ್ಲ, ಫ್ರಿಜ್ಜನ್ನು ಬಂದ್ ಮಾಡಿದ್ದೆ, ದೀಪಗಳೂ ಉರಿಯುತ್ತಿರಲಿಲ್ಲ. ಚಾವಣಿಯ ಸೌರಫಲಕಗಳ ಮೇಲೆ ಬಿಸಿಲು ಬೀಳುವಂತೆಯೂ ಇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ 10 ಕಿಲೋವ್ಯಾಟ್-ಅವರ್ ಬ್ಯಾಟರಿಯ ಕಾಲು ಭಾಗಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಎಲ್ಲೋ ದೋಷವಿದೆಯೆಂದು ಕ್ಲಾಂಪ್ ಮೀಟರ್ ಹಿಡಿದು ಒಂದೊಂದೇ ವೈರನ್ನು ಅಳೆಯುತ್ತಾ ಹೋದೆ. ಯಾವುದೂ ಕೆಟ್ಟಿರಲಿಲ್ಲ. ಬ್ಯಾಟರಿಯ ವಿದ್ಯುತ್ತನ್ನು ಮನೆಬಳಕೆಯ ವಿದ್ಯುತ್ತಾಗಿಸುವ ಇನ್ವರ್ಟರ್, ಯಾವ ಹೊರೆಯೂ ಇಲ್ಲದೆ ಬರಿದೇ ಎಚ್ಚರವಾಗಿದ್ದಾಗಲೂ, ಸುಮಾರು 20 ವ್ಯಾಟ್ ಎಳೆಯುತ್ತಿತ್ತು. ರೂಟರ್ 8, ಗೋಡೆಯ ಟಚ್‌ಸ್ಕ್ರೀನ್ ಮತ್ತು ಅದರ ನಿಯಂತ್ರಕ 10, ನೀರಿನ ತೊಟ್ಟಿಗಳ ಸೆನ್ಸರ್‌ಗಳು 3. ಹನಿಗೂಡಿದರೆ ಹಳ್ಳವೆಂಬಂತೆ ಇವೆಲ್ಲ ಸೇರಿ ದಿನಕ್ಕೆ ಹತ್ತಿರ ಹತ್ತಿರ 1 ಕಿಲೋವ್ಯಾಟ್-ಅವರ್ ಆಗುತ್ತಿತ್ತು. ಬೇಸಿಗೆಯ ದಿನದಲ್ಲೂ ನನ್ನ ಫ್ರಿಜ್ ಬಳಸುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು.

ಅಲ್ಲಿಯವರೆಗೆ ನಾನು ಸಲಕರಣೆಗಳನ್ನು ಆರಿಸಿದ್ದು ಅವು ಏನು ಮಾಡುತ್ತವೆ ಎಂಬುದನ್ನು ನೋಡಿ. ಅಂದಿನಿಂದ, ಏನೂ ಮಾಡದೆ ಕುಳಿತಿರುವಾಗ ಅವು ಎಷ್ಟು ತಿನ್ನುತ್ತವೆ, ಎಷ್ಟು ತೂಗುತ್ತವೆ, ಕೆಟ್ಟ ದಿನ ಇನ್ನಾವ ಕೆಲಸವನ್ನು ನಿಲ್ಲಿಸುತ್ತವೆ ಎಂಬ ಮೂರು ಅಂಕಣಗಳ ಪಟ್ಟಿ ಮಾಡಿಕೊಂಡೆ. ಮೂರನೆಯ ಅಂಕಣವೇ ಅತಿ ಹೆಚ್ಚು ವಸ್ತುಗಳನ್ನು ಹೊರಗೆ ಹಾಕಿತು. ಮೊದಲು ಹೋದದ್ದು ಟಚ್‌ಸ್ಕ್ರೀನ್. ದೀಪ, ಪಂಪು, ಹೀಟರ್ ಎಲ್ಲವೂ ಅದೊಂದರ ಮೂಲಕವೇ ನಡೆಯುತ್ತಿದ್ದವು. ಅದು ಸ್ತಬ್ಧವಾದರೆ ತೊಟ್ಟಿ ತುಂಬ ನೀರಿದ್ದರೂ ನಲ್ಲಿಯಲ್ಲಿ ಹನಿ ಬರುತ್ತಿರಲಿಲ್ಲ. ಈಗ ಅಲ್ಲಿ ಸಾಲಾಗಿ ಸಾಮಾನ್ಯ ಸ್ವಿಚ್‌ಗಳಿವೆ. ತೊಟ್ಟಿಯ ಮಟ್ಟ ತಿಳಿಯಲು ಪಕ್ಕದಲ್ಲಿ ಪಾರದರ್ಶಕ ಕೊಳವೆಯೊಂದನ್ನು ನಿಲ್ಲಿಸಿದ್ದೇನೆ. ಅದಕ್ಕೆ ವಿದ್ಯುತ್ ಬೇಡ, ಅದು ಸುಳ್ಳು ಹೇಳುವುದೂ ಇಲ್ಲ. ಇನ್ವರ್ಟರಿಗೆ ಹಾಸಿಗೆಯ ಬಳಿಯಿಂದಲೇ ಆರಿಸಬಹುದಾದ ಸ್ವಿಚ್ ಹಾಕಿದೆ. ಫೋನು, ಲ್ಯಾಪ್‌ಟಾಪ್, ಕ್ಯಾಮೆರಾಗಳ ಚಾರ್ಜಿಂಗನ್ನೆಲ್ಲ ನೇರವಾಗಿ ಬ್ಯಾಟರಿಯ ವಿದ್ಯುತ್ತಿನಲ್ಲೇ ನಡೆಯುವ ಯುಎಸ್‌ಬಿ-ಸಿ ಸಾಕೆಟ್‌ಗಳಿಗೆ ವರ್ಗಾಯಿಸಿದ ಮೇಲೆ, ಇನ್ವರ್ಟರ್ ಬೇಕಾಗುವುದು ಅಡುಗೆಯ ಹೊತ್ತಿನಲ್ಲಿ ಮಾತ್ರ.

ಅಡುಗೆಯ ವಿಷಯದಲ್ಲಿ ನಾನು ಬಹಳ ತಿಂಗಳು ಹೊಯ್ದಾಡಿದೆ. ಗ್ಯಾಸ್ ಸರಳವಾದದ್ದು, ಹಗುರವಾದದ್ದು. ಆದರೆ ಸಿಲಿಂಡರಿನ ಬಾಯಿಯ ಜೋಡಣೆ ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಗಡಿ ದಾಟಿದಾಗಲೆಲ್ಲ ಹೊಸ ಅಡಾಪ್ಟರ್ ಹುಡುಕಬೇಕು. ಬ್ಯುಟೇನ್ ತುಂಬಿದ ಸಿಲಿಂಡರ್ ಸಿಕ್ಕರೆ ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮಾತ್ರ ಕಡು ಚಳಿಯಲ್ಲೂ ಕೆಲಸ ಮಾಡುತ್ತದೆ. ಇಂಡಕ್ಷನ್ ಒಲೆಗೆ ಈ ತೊಡಕುಗಳಿಲ್ಲ, ಅದು ಒಳಗಿನ ಗಾಳಿಯನ್ನು ಕೆಡಿಸುವುದಿಲ್ಲ, ಗೋಡೆಗಳಿಗೆ ತೇವವನ್ನೂ ಅಂಟಿಸುವುದಿಲ್ಲ. ಆದರೆ 2,000 ವ್ಯಾಟಿನ ಒಲೆಗೆ 12 ವೋಲ್ಟಿನ ವ್ಯವಸ್ಥೆಯಲ್ಲಿ, ಇನ್ವರ್ಟರಿನ ನಷ್ಟವೂ ಸೇರಿ, 180 ಆಂಪಿಯರ್‌ನಷ್ಟು ಬೇಕಾಗುತ್ತದೆ. 24 ವೋಲ್ಟಿನಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಕೇಬಲ್ಲಿನಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ಕೇಬಲ್ಲಿನಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಟ್ರಕ್ಕಿನ ಮೂಲ ವ್ಯವಸ್ಥೆ ಹೇಗೂ 24 ವೋಲ್ಟಿನದ್ದೇ. ಹಾಗಾಗಿ ಮನೆಯ ವ್ಯವಸ್ಥೆಯನ್ನೂ ಅದಕ್ಕೇ ಕಟ್ಟಿ, ಒಂದೇ ಇಂಡಕ್ಷನ್ ಒಲೆ, ಒಂದು ಪ್ರೆಶರ್ ಕುಕ್ಕರ್ ಎಂದು ನಿಶ್ಚಯಿಸಿದೆ. ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿದುಬಿಡುವುದರಿಂದ ಬೇಳೆಕಾಳುಗಳು ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯುವುದಿಲ್ಲ. ಸಲಕರಣೆಗಳ ಪಟ್ಟಿಯಲ್ಲಿ ಕುಕ್ಕರಿನಷ್ಟು ವಿದ್ಯುತ್ ಉಳಿಸಿದ ಇನ್ನೊಂದು ವಸ್ತುವಿಲ್ಲ. ಮೋಡ ಮುಚ್ಚಿದ ವಾರಗಳಿಗೆಂದು ಹೊರಗಿನ ಪೆಟ್ಟಿಗೆಯಲ್ಲಿ ಚಿಕ್ಕ ಗ್ಯಾಸ್ ಒಲೆಯೊಂದಿದೆ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು. ಇದನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಸೆಲ್ಲುಗಳು ಶಾಶ್ವತವಾಗಿ ಹಾಳಾಗುತ್ತವೆ. ಬ್ಯಾಟರಿಯನ್ನು ಕಾಯುವ ನಿಯಂತ್ರಕ, ಅಂದರೆ ಬಿಎಂಎಸ್, ಒಳ್ಳೆಯದಾದರೆ ಅಂಥ ಚಳಿಯಲ್ಲಿ ಚಾರ್ಜನ್ನೇ ತಡೆಯುತ್ತದೆ. ಮೊದಲ ಚಳಿಗಾಲದಲ್ಲಿ ಬ್ಯಾಟರಿ ಹೊರಗಿನ ಪೆಟ್ಟಿಗೆಯಲ್ಲಿತ್ತು. ನಿಚ್ಚಳ ಬಿಸಿಲಿನ ಒಂದು ಮುಂಜಾನೆ ಫಲಕಗಳೆಲ್ಲ ಬೆಳಗುತ್ತಿದ್ದರೂ ಮಧ್ಯಾಹ್ನದವರೆಗೆ ಒಂದು ಆಂಪಿಯರೂ ಒಳಗೆ ಹೋಗಲಿಲ್ಲ. ಬಿಸಿ ಮಾಡುವ ಹಾಳೆಯನ್ನು ಸುತ್ತಬಹುದಿತ್ತು, ಆದರೆ ಅದೂ ಒಂದು ಸಲಕರಣೆಯೇ. ಬ್ಯಾಟರಿಯನ್ನೇ ಒಳಗೆ, ಹಾಸಿಗೆಯ ಕೆಳಗೆ ತಂದೆ. ನಾವು ಬೆಚ್ಚಗಿದ್ದರೆ ಅದೂ ಬೆಚ್ಚಗಿರುತ್ತದೆ.

ಬೆಚ್ಚಗಿಡುವ ಡೀಸೆಲ್ ಹೀಟರ್ ವಿದ್ಯುತ್ತಿನ ಮಟ್ಟಿಗೆ ಮಿತವ್ಯಯಿ. ಹೊತ್ತಿಕೊಳ್ಳುವಾಗ ಗ್ಲೋ ಪ್ಲಗ್ಗಿಗೆ ಕೆಲವು ನಿಮಿಷ ಹೆಚ್ಚು ಪ್ರವಾಹ ಬೇಕು, ಆಮೇಲೆ ಫ್ಯಾನು ಮತ್ತು ಪಂಪಿಗೆ ಬೇಕಾದಷ್ಟೇ. ಅದರ ಶತ್ರು ಎತ್ತರ. 3,000 ಮೀಟರಿನಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ 70 ಶೇಕಡಾದಷ್ಟಕ್ಕೆ ಇಳಿದಿರುತ್ತದೆ. ಪಂಪು ಮಾತ್ರ ಮೊದಲಿನಷ್ಟೇ ಡೀಸೆಲ್ ಹಾಕುತ್ತಿದ್ದರೆ ಉರಿ ಅರೆಬರೆಯಾಗಿ ದಹನಕೋಣೆಯಲ್ಲಿ ಮಸಿ ಕಟ್ಟುತ್ತದೆ. ಆದ್ದರಿಂದ ಎತ್ತರಕ್ಕೆ ತಕ್ಕಂತೆ ಇಂಧನವನ್ನು ತಗ್ಗಿಸಬಲ್ಲ ಮಾದರಿಯನ್ನು, ಬೆಲೆ ಹೆಚ್ಚಾದರೂ, ಆರಿಸಿದೆ. ಕೋಣೆಗೆ ಬೇಕಾದುದಕ್ಕಿಂತ ದೊಡ್ಡ ಹೀಟರನ್ನು ಕೊಳ್ಳಲಿಲ್ಲ, ಏಕೆಂದರೆ ಸದಾ ಮಂದವಾಗಿ ಉರಿಯುವ ದೊಡ್ಡ ಹೀಟರೇ ಬೇಗ ಮಸಿ ಹಿಡಿಯುತ್ತದೆ. ಇಂಧನವನ್ನು ಟ್ರಕ್ಕಿನ ಮುಖ್ಯ ತೊಟ್ಟಿಯಿಂದಲೇ ಪಡೆಯುತ್ತೇನೆ, ಆದರೆ ಹೀಟರಿನ ಎಳೆಕೊಳವೆಯನ್ನು ಎಂಜಿನ್ನಿನದಕ್ಕಿಂತ ಗಿಡ್ಡವಾಗಿ ಕತ್ತರಿಸಿದ್ದೇನೆ. ರಾತ್ರಿಯಿಡೀ ಉರಿದರೂ ಎಂಜಿನ್ನಿಗೆ ಬೇಕಾದಷ್ಟು ತಳದಲ್ಲಿ ಉಳಿದೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮತ್ತು ಹೊಗೆಯ ಅಲಾರಂಗಳು ಸ್ವಂತ ಬ್ಯಾಟರಿಯ ಮೇಲೆ ನಡೆಯುವಂಥವು. ಇವೆರಡರ ಆಯ್ಕೆಯಲ್ಲಿ ಪಟ್ಟಿಯನ್ನೂ ನೋಡಲಿಲ್ಲ.

ನೀರಿನ ಶುದ್ಧೀಕರಣಕ್ಕೆ 5 ಮೈಕ್ರಾನಿನ ಸೋಸುಗ, ಇದ್ದಿಲಿನ ಸೋಸುಗ, ಕೊನೆಯಲ್ಲಿ ನೇರಳಾತೀತ ದೀಪ, ಇಷ್ಟೇ. ಬಹಳ ಜನ ಒಲಿಯುವ ಟೊಳ್ಳುನಾರಿನ ಸೋಸುಗವನ್ನು ನಾನು ಕೈಬಿಟ್ಟದ್ದಕ್ಕೆ ಕಾರಣವಿದೆ. ಒಮ್ಮೆ ನೆನೆದ ಮೇಲೆ ಅದು ಹೆಪ್ಪುಗಟ್ಟಿದರೆ ಒಳಗಿನ ನಾರುಗಳು ಸೀಳಬಹುದು. ಸೀಳಿದ್ದು ಹೊರಗೆ ಕಾಣುವುದಿಲ್ಲ, ನೀರು ಎಂದಿನಂತೆ ಹರಿಯುತ್ತಲೇ ಇರುತ್ತದೆ, ಸೋಸುವುದಿಲ್ಲ ಅಷ್ಟೆ. ದೀಪ ಆರಿದರೆ ಕಣ್ಣಿಗೆ ತಿಳಿಯುತ್ತದೆ. ಕೆಟ್ಟದ್ದನ್ನು ಹೇಳದೆ ಕೆಡುವ ವಸ್ತು ನನಗೆ ಬೇಡವಾಗಿತ್ತು. ಆದರೆ ಕಲಕು ನೀರಿನಲ್ಲಿ ಕಿರಣ ಹಾಯುವುದಿಲ್ಲವಾದ್ದರಿಂದ ಮೊದಲೆರಡು ಸೋಸುಗಗಳನ್ನು ಕಾಲಕಾಲಕ್ಕೆ ಬದಲಿಸುವುದರಲ್ಲಿ ಉದಾಸೀನ ಸಲ್ಲದು.

ಸಂಪರ್ಕದ ಸಾಧನಗಳಲ್ಲಿ ಉಪಗ್ರಹ ಇಂಟರ್ನೆಟ್ಟೇ ದೊಡ್ಡ ಹಸಿವಿನದು. ಸ್ಟಾರ್‌ಲಿಂಕ್ ಎಂಬ ಅಂಥ ಸೇವೆಯ ಸಾಮಾನ್ಯ ಆಂಟೆನಾ ತಟ್ಟೆಯನ್ನು ಇಡೀ ದಿನ ಉರಿಸಿದರೆ ಅದು ಫ್ರಿಜ್ಜಿನ ಎರಡು ಮೂರು ಪಟ್ಟು ಎಳೆಯುತ್ತದೆ. ಮಿನಿ ಮಾದರಿ 25ರಿಂದ 40 ವ್ಯಾಟಿನಲ್ಲಿ, ಇನ್ವರ್ಟರಿಲ್ಲದೆ ನೇರವಾಗಿ ನಡೆಯುತ್ತದೆಂಬ ಕಾರಣಕ್ಕೆ ಅದನ್ನೇ ಕೊಂಡು, ದಿನಕ್ಕೆ ಎರಡು ಗಂಟೆ ಮಾತ್ರ ಹಚ್ಚುತ್ತೇವೆ. ಅಪಾಯದ ಕರೆಗೆ ಅದನ್ನು ನಂಬಿಲ್ಲ. ಉಪಗ್ರಹಗಳ ಮೂಲಕ ರಕ್ಷಣಾ ಕೇಂದ್ರಕ್ಕೆ 406 ಮೆಗಾಹರ್ಟ್ಸಿನಲ್ಲಿ ಕೂಗುವ ಪುಟ್ಟ ಬೀಕನ್ ಬಾಗಿಲ ಬಳಿಯ ಚೀಲದಲ್ಲಿದೆ, ಏಕೆಂದರೆ ಟ್ರಕ್ಕೇ ಹೊತ್ತಿ ಉರಿದರೂ ಅದು ಕೈಗೆ ಸಿಗಬೇಕು.

ಹೊರಗಿನ ಪರಿಕರಗಳಲ್ಲಿ ನನ್ನ ದಡ್ಡತನವೊಂದನ್ನು ಹೇಳಲೇಬೇಕು. ಟೈರಿಗೆ ಗಾಳಿ ತುಂಬಲು ಭಾರಿ ವಿದ್ಯುತ್ ಕಂಪ್ರೆಸರ್ ಕೊಂಡು, ಅದಕ್ಕೆ ಬ್ರಾಕೆಟ್ ಬೆಸುಗೆ ಹಾಕಿ, ದಪ್ಪ ಕೇಬಲ್ ಎಳೆದು ಮುಗಿಸಿದ ಮೇಲೆ, ಟ್ರಕ್ಕಿನ ಬ್ರೇಕು ಗಾಳಿಯಿಂದಲೇ ನಡೆಯುತ್ತದೆ, ಎಂಜಿನ್ನಿನ ಮೇಲೆ ಆಗಲೇ ಒಂದು ಕಂಪ್ರೆಸರ್ ಕೂತಿದೆ ಎಂಬುದು ಹೊಳೆಯಿತು. ಈಗ ಬ್ರೇಕಿನ ತೊಟ್ಟಿಗಳನ್ನು ಮುಟ್ಟದೆ, ರಕ್ಷಣಾ ಕವಾಟದ ಆಚೆಗಿನ ಹೆಚ್ಚುವರಿ ಸರ್ಕ್ಯೂಟಿನಿಂದ ಒಂದು ಉದ್ದ ಹೋಸ್ ತೆಗೆದುಕೊಂಡಿದ್ದೇನೆ. ವಿಂಚನ್ನು ಹಾಕಲಿಲ್ಲ: 10 ಟನ್ನಿನ ವಾಹನವನ್ನು ಕೆಸರಿನಿಂದ ಎಳೆಯಬಲ್ಲ ವಿಂಚು, ಅದರ ಆಧಾರ, ಹಗ್ಗ, ಕಪ್ಪಿಗಳೆಲ್ಲ ಸೇರಿ ಮುಂದಿನ ಆಕ್ಸಲ್ಲಿನ ಮೇಲೆ ಹೇರುವ ಭಾರ ನನಗೆ ಒಪ್ಪಿಗೆಯಾಗಲಿಲ್ಲ. ಗಾಳಿ ಇಳಿಸಿದ ಟೈರು, ಸಲಿಕೆ, ಚಕ್ರದಡಿ ಇಡುವ ಹಲಗೆಗಳು ಇದುವರೆಗೆ ಸಾಕಾಗಿವೆ. ವಿಂಚಿನ ಬದಲು ಬಿಡಿ ಚಕ್ರವನ್ನು ಇಳಿಸುವ ಕೈರಾಟೆಗೆ ತೂಕ ಕೊಟ್ಟೆ. ನೂರು ಕಿಲೋ ಮೀರಿದ ಚಕ್ರವನ್ನು ಇಬ್ಬರೇ ಎತ್ತಿ ಏರಿಸುವುದು ಬೆನ್ನಿಗೆ ಒಳ್ಳೆಯದಲ್ಲ. ವಿದ್ಯುತ್ತಿನಿಂದ ಮಡಚುವ ಮೆಟ್ಟಿಲು ಮೊದಲ ಕೆಸರಿಗೇ ಸಿಕ್ಕಿಕೊಂಡಿತು, ಈಗ ಅಲ್ಯೂಮಿನಿಯಂ ಏಣಿಯಿದೆ. ಚಾವಣಿಯ ಸಾಮಾನು ಪೆಟ್ಟಿಗೆಯೂ ಹೋಯಿತು, ಏಕೆಂದರೆ ಅದರ ನೆರಳು ಸಂಜೆಯಾಗುತ್ತಲೇ ಒಂದು ಫಲಕದ ಮೇಲೆ ಬಿದ್ದು, ಸರಣಿಯಲ್ಲಿದ್ದ ಉಳಿದವುಗಳ ಇಳುವರಿಯನ್ನೂ ಕೆಳಗೆ ಎಳೆಯುತ್ತಿತ್ತು. ಹಿಂಬದಿಯ ಕ್ಯಾಮೆರಾ ಉಳಿದಿದೆ, ತಂತಿಯದು.

ಇಷ್ಟೆಲ್ಲ ಕಿತ್ತು ಹಾಕುವಾಗ ಒಳಗೋಡೆಗೆ ಹೆಚ್ಚು ಗಾಯವಾಗದಿದ್ದುದಕ್ಕೆ, ಕಟ್ಟುವಾಗಲೇ ಮೂಲೆಗಳಲ್ಲಿ ಖಾಲಿ ಕೊಳವೆಗಳನ್ನು ಹಾಯಿಸಿ, ಪ್ರತಿಯೊಂದರಲ್ಲೂ ಎಳೆಯುವ ದಾರ ಬಿಟ್ಟು, ಫ್ಯೂಸ್ ಪೆಟ್ಟಿಗೆಯಲ್ಲಿ ಆರು ಜಾಗಗಳನ್ನು ಬರಿದಾಗಿಟ್ಟದ್ದು ಕಾರಣ. ಮೊದಲ ಪ್ರಯಾಣಕ್ಕೆ ಹಾಸಿಗೆ, ಒಲೆ, ನೀರು, ಹೀಟರ್ ಇಷ್ಟನ್ನೇ ಹಾಕಿಕೊಂಡು ಹೊರಟು, ಉಳಿದುದನ್ನು ದಾರಿಯಲ್ಲಿ ಬೇಕೆನಿಸಿದಾಗ ಜೋಡಿಸಬಹುದಿತ್ತೆಂದು ಈಗ ಅನ್ನಿಸುತ್ತದೆ. ಆ ಕೊಳವೆಗಳಲ್ಲಿ ಎರಡು ಇನ್ನೂ ಖಾಲಿ ಇವೆ. ಒಂದು ಬಟ್ಟೆ ಒಗೆಯುವ ಯಂತ್ರಕ್ಕೆಂದು ಬಿಟ್ಟದ್ದು. ಸದ್ಯಕ್ಕೆ ಬಟ್ಟೆಗಳು ಮುಚ್ಚಳ ಬಿಗಿದ ಡ್ರಮ್ಮಿನಲ್ಲಿ ಸಾಬೂನು ನೀರಿನೊಡನೆ ದಾರಿಯ ಕುಲುಕಾಟಕ್ಕೇ ಒಗೆಯಲ್ಪಡುತ್ತಿವೆ.