ಮಾರ್ಚ್ ಹುತಾತ್ಮರ ಸ್ಮಶಾನದಿಂದ ಫ್ರೀಡ್ರಿಕ್ಸ್‌ಫೆಲ್ಡೆಗೆ: ನನ್ನ ಅನುಭವ

ಬರ್ಲಿನ್ನಿಗೆ ಹೋಗುವ ಇತಿಹಾಸಾಸಕ್ತರು ಸಾಮಾನ್ಯವಾಗಿ 1919ರಲ್ಲಿ ಕೊಲೆಯಾದ ಕಮ್ಯುನಿಸ್ಟ್ ನಾಯಕರಾದ ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಅವರ ಸ್ಮಾರಕವಿರುವ ಫ್ರೀಡ್ರಿಕ್ಸ್‌ಫೆಲ್ಡೆ ಸ್ಮಶಾನವನ್ನಷ್ಟೇ ನೋಡಿ ಮರಳುತ್ತಾರೆ. ನಾನು 1848ರ ಮಾರ್ಚ್ ಕ್ರಾಂತಿಯಲ್ಲಿ ಮಡಿದವರ ಸ್ಮಶಾನವನ್ನು ಮೊದಲು ನೋಡಿ, ಆಮೇಲೆ ಅಲ್ಲಿಗೆ ಹೋಗುವ ಕ್ರಮವನ್ನು ಆರಿಸಿಕೊಂಡೆ. ಮೊದಲನೆಯ ಸ್ಮಶಾನದಲ್ಲಿ ಜಾಗ ಕೊಡಲು ನಗರಾಡಳಿತ ಒಪ್ಪದಿದ್ದ ಕಾರಣಕ್ಕೇ ಲೀಬ್‌ಕ್ನೆಕ್ಟ್ ಅವರ ಶವವನ್ನು ಎರಡನೆಯದಕ್ಕೆ ಒಯ್ಯಬೇಕಾಯಿತೆಂಬ ಸಂಗತಿ ಈ ಕ್ರಮದಲ್ಲಿ ನೋಡಿದವರಿಗೆ ಹೆಚ್ಚು ಸ್ಪಷ್ಟವಾಗುತ್ತದೆ.

ಹೊರಡುವ ಮುನ್ನ ನಾನು ಮಾಡಿಕೊಂಡ ಸಿದ್ಧತೆಯೆಂದರೆ 1848ರ ಮಾರ್ಚ್ 18ರಿಂದ 22ರವರೆಗಿನ ಘಟನೆಗಳನ್ನು ದಿನವಾರು ಬರೆದುಕೊಂಡದ್ದು. ಪ್ಯಾರಿಸ್ಸಿನಲ್ಲಿ ಫೆಬ್ರವರಿ ಕ್ರಾಂತಿಯಾಗಿ, ವಿಯೆನ್ನಾದಲ್ಲಿ ಆಸ್ಟ್ರಿಯದ ಚಾನ್ಸಲರ್ ಮೆಟರ್ನಿಕ್ ಅಧಿಕಾರ ಕಳೆದುಕೊಂಡ ಸುದ್ದಿ ಬಂದ ಮೇಲೆ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಶ್ಯದ ದೊರೆ ನಾಲ್ಕನೆಯ ಫ್ರೀಡ್ರಿಕ್ ವಿಲ್‌ಹೆಲ್ಮ್ ಪತ್ರಿಕೆಗಳ ಮೇಲಿನ ನಿರ್ಬಂಧವನ್ನು ತೆಗೆಯುವುದಾಗಿ ಸಾರಿದ. ಅದನ್ನು ಕೇಳಲು ಅರಮನೆಯ ಮುಂದೆ ನೆರೆದಿದ್ದ ಜನರನ್ನು ಸೈನಿಕರು ಚದುರಿಸುವಾಗ ಎರಡು ಗುಂಡುಗಳು ಹಾರಿದವು. ಅವು ಯಾರಿಗೂ ತಗುಲಲಿಲ್ಲ. ಆದರೂ ಜನ ಬೀದಿಬೀದಿಗಳಲ್ಲಿ ಅಡ್ಡಗಟ್ಟೆಗಳನ್ನು ಕಟ್ಟಿಕೊಂಡರು, ಕಾಳಗ ಇರುಳೆಲ್ಲ ನಡೆಯಿತು. ಮರುದಿನ ಅರಮನೆಯ ಅಂಗಳಕ್ಕೆ ತಂದ ಶವಗಳ ಎದುರು ದೊರೆ ತನ್ನ ಟೋಪಿಯನ್ನು ತೆಗೆಯಬೇಕಾಯಿತು. ಮಾರ್ಚ್ 22ರಂದು 183 ಶವಪೆಟ್ಟಿಗೆಗಳನ್ನು ಮೆರವಣಿಗೆಯಲ್ಲಿ ನಗರದ ಹೊರಗಿನ ದಿಬ್ಬಕ್ಕೆ ಒಯ್ದು ಹೂಳಿದರು. ಪ್ರೊಟೆಸ್ಟಂಟ್ ಪಾದ್ರಿ, ಕ್ಯಾಥೊಲಿಕ್ ಪಾದ್ರಿ ಮತ್ತು ಯೆಹೂದಿ ರಬ್ಬಿ ಮೂವರೂ ಆ ವಿಧಿಯಲ್ಲಿ ಪಾಲ್ಗೊಂಡರು. ಇಳಿವಯಸ್ಸಿನ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಮೆರವಣಿಗೆಯೊಡನೆ ನಡೆದರು. ಮಡಿದ ಸೈನಿಕರನ್ನು ಮಾತ್ರ ಬೇರೆಯಾಗಿ, ಇನ್ವಲೀಡೆನ್ ಸ್ಮಶಾನದಲ್ಲಿ ಹೂಳಲಾಯಿತು.

ಆ ದಿಬ್ಬ ಈಗ ಫ್ರೀಡ್ರಿಕ್ಸ್‌ಹೈನ್ ಉದ್ಯಾನದ ದಕ್ಷಿಣದ ಅಂಚಿನಲ್ಲಿ, ಆಸ್ಪತ್ರೆಯ ಪಕ್ಕದಲ್ಲಿದೆ. ಲಾಂಡ್ಸ್‌ಬರ್ಗರ್ ಆಲೆಯಲ್ಲಿ ಟ್ರಾಮಿನಿಂದ ಇಳಿದು ಸ್ವಲ್ಪ ನಡೆದರೆ ಸಾಕು. ಬಾಗಿಲಲ್ಲಿ ಕೋವಿ ಹೊತ್ತ ಎತ್ತರದ ಕಂಚಿನ ನಾವಿಕನೊಬ್ಬ ನಿಂತಿದ್ದಾನೆ. ನಾವಿಕರ ದಂಗೆಯಿಂದ ಶುರುವಾಗಿ ಜರ್ಮನ್ ಚಕ್ರವರ್ತಿಯ ಆಳ್ವಿಕೆಯನ್ನು ಕೊನೆಗೊಳಿಸಿದ 1918ರ ನವೆಂಬರ್ ಕ್ರಾಂತಿಯ ನೆನಪಿಗೆ ಪೂರ್ವ ಜರ್ಮನಿಯ ಕಾಲದಲ್ಲಿ ಶಿಲ್ಪಿ ಹಾನ್ಸ್ ಕೀಸ್ ಮಾಡಿದ ಪ್ರತಿಮೆ ಅದು. ಬಂದವರು ಮೊದಲು ಚಿತ್ರ ತೆಗೆದುಕೊಳ್ಳುವುದು ಅದರದ್ದೇ. ನಾನು ಅದನ್ನು ಕೊನೆಗೆ ಇಟ್ಟುಕೊಂಡು, ಹುಲ್ಲುಹಾಸಿನ ಅಂಚಿನಲ್ಲಿ ಉಳಿದಿರುವ ಹಳೆಯ ಕಲ್ಲುಗಳನ್ನೂ ಕಬ್ಬಿಣದ ಶಿಲುಬೆಗಳನ್ನೂ ಒಂದೊಂದಾಗಿ ಓದುತ್ತ ಸುತ್ತು ಬಂದೆ. ಅಕ್ಷರಗಳು ಸವೆದಿರುವ ಕಡೆ ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡುವುದು ಅನುಕೂಲ. ಇಲ್ಲಿ ಹೂಳಲ್ಪಟ್ಟವರಲ್ಲಿ ಹೆಚ್ಚಿನವರು ಬಡಗಿ, ದರ್ಜಿ, ಚಮ್ಮಾರ ಮೊದಲಾದ ಕೈಕಸುಬಿನ ಜನ ಮತ್ತು ಅವರ ಬಳಿ ಕೆಲಸ ಕಲಿಯುತ್ತಿದ್ದ ಹುಡುಗರು. ಗುರುತೇ ಸಿಗದೆ ಹೂಳಲ್ಪಟ್ಟವರೂ ಇದ್ದಾರೆ. ಅಡ್ಡಗಟ್ಟೆಯೊಂದನ್ನು ಕಾಯುತ್ತ ಗಾಯಗೊಂಡು ಸತ್ತ ಎರ್ನ್‌ಸ್ಟ್ ಸಿನ್ನಾ ಎಂಬ ಹುಡುಗ ಬೀಗ ಮಾಡುವ ಕೆಲಸ ಕಲಿಯುತ್ತಿದ್ದವನು. ಅವನಿಗಾಗ 17 ವರ್ಷ. ಸ್ಮಶಾನಕ್ಕೆ ಬರುವ ಹಾದಿಗೆ ಈಗ ಅವನದೇ ಹೆಸರು. 1948ರಲ್ಲಿ, ಶತಮಾನೋತ್ಸವದ ಸಮಯದಲ್ಲಿ, ನಿಲ್ಲಿಸಿದ ದೊಡ್ಡ ಕಲ್ಲಿನಲ್ಲಿ ಮಡಿದವರ ಹೆಸರುಗಳನ್ನು ಒಟ್ಟಾಗಿ ಕೆತ್ತಿದ್ದಾರೆ. ಆದರೆ ಆ ಪಟ್ಟಿಗಿಂತ ಬಿಡಿ ಕಲ್ಲುಗಳನ್ನು ಓದುವುದೇ ನನಗೆ ಹೆಚ್ಚು ತಿಳಿವಳಿಕೆ ಕೊಟ್ಟಿತು.

1918ರವರೆಗಿನ ಜರ್ಮನ್ ಚಕ್ರಾಧಿಪತ್ಯದ ಕಾಲದಲ್ಲಿ ಪ್ರತಿ ಮಾರ್ಚ್ 18ರಂದು ಕಾರ್ಮಿಕರು ಇಲ್ಲಿಗೆ ಹೂಮಾಲೆಗಳನ್ನು ತರುತ್ತಿದ್ದರು. ಬಾಗಿಲಲ್ಲಿ ನಿಂತ ಪೊಲೀಸರು ಮಾಲೆಯ ಪಟ್ಟಿಗಳ ಮೇಲಿನ ಬರಹವನ್ನು ಓದಿ, ಒಪ್ಪಿಗೆಯಾಗದವನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. 1918ರ ಕೊನೆಯ ತಿಂಗಳುಗಳಲ್ಲಿ ಹೊಸ ಕ್ರಾಂತಿಯ ಶವಗಳೂ ಇದೇ ನೆಲಕ್ಕೆ ಬಂದವು, ಅಂತ್ಯಸಂಸ್ಕಾರದಲ್ಲಿ ಲೀಬ್‌ಕ್ನೆಕ್ಟ್ ಮಾತನಾಡಿದರು. 1919ರ ಜನವರಿ 15ರಂದು ಅವರೂ ಲಕ್ಸೆಂಬರ್ಗ್ ಅವರೂ ಕೊಲೆಯಾದಾಗ ಮಾತ್ರ ಇಲ್ಲಿ ಹೂಳಲು ಅನುಮತಿ ದೊರೆಯಲಿಲ್ಲ. ಇಷ್ಟನ್ನು ನೆಲದ ಮೇಲೆ ನಿಂತು ನೆನಪಿಸಿಕೊಂಡ ಬಳಿಕ ನಾನು ಸ್ಟ್ರೌಸ್‌ಬರ್ಗರ್ ಪ್ಲಾಟ್ಸ್ ನಿಲ್ದಾಣಕ್ಕೆ ನಡೆದು, ಯು-5 ಮೆಟ್ರೊ ಹಿಡಿದು ಲಿಷ್ಟೆನ್‌ಬರ್ಗಿನಲ್ಲಿ ಇಳಿದೆ.

ಫ್ರೀಡ್ರಿಕ್ಸ್‌ಫೆಲ್ಡೆಯಲ್ಲಿ 1900ರಲ್ಲೇ ಲೀಬ್‌ಕ್ನೆಕ್ಟ್ ಅವರ ತಂದೆ ವಿಲ್‌ಹೆಲ್ಮ್ ಅವರನ್ನು ಹೂಳಲಾಗಿತ್ತು. 1919ರ ಜನವರಿ 25ರಂದು ಮಗನನ್ನೂ ಇತರರನ್ನೂ ಹೂಳುವಾಗ ಪಕ್ಕದಲ್ಲಿ ಲಕ್ಸೆಂಬರ್ಗ್ ಅವರ ಹೆಸರಿನ ಖಾಲಿ ಪೆಟ್ಟಿಗೆಯನ್ನಿಟ್ಟರು. ಕಾಲುವೆಗೆ ಎಸೆಯಲಾಗಿದ್ದ ಅವರ ದೇಹವನ್ನು ಹೂಳಿದ್ದು ಆ ಜೂನ್ 13ರಂದು. 1926ರಲ್ಲಿ ವಾಸ್ತುಶಿಲ್ಪಿ ಮೀಸ್ ಫಾನ್ ಡೆರ್ ರೋ ಇಟ್ಟಿಗೆಯಲ್ಲಿ ರಚಿಸಿದ ಸ್ಮಾರಕವನ್ನು 1935ರಲ್ಲಿ ನಾಜಿಗಳು ಕೆಡವಿದರು. ಈಗ ನಾವು ನೋಡುವ ವೃತ್ತಾಕಾರದ ಸ್ಮಾರಕ 1951ರದು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು: ನಡುಗಲ್ಲಿನ ಸುತ್ತ ಕೊಲೆಯಾದವರ ಜೊತೆಗೆ, ಪೂರ್ವ ಜರ್ಮನಿಯಲ್ಲಿ ಅಧಿಕಾರ ನಡೆಸಿ ಸಹಜವಾಗಿ ಸತ್ತ ನಾಯಕರಾದ ಪೀಕ್, ಗ್ರೋಟೆವೋಲ್ ಮತ್ತು ಉಲ್‌ಬ್ರಿಕ್ಟ್ ಅವರ ಸಮಾಧಿಗಳೂ ಇವೆ, ಮತ್ತು ಈ ಪಂಕ್ತಿಭೇದವಿಲ್ಲದ ಏರ್ಪಾಡು ಸತ್ತವರಿಗಿಂತ ಸರ್ಕಾರಕ್ಕೇ ಹೆಚ್ಚು ಉಪಯೋಗವಾಯಿತೆಂದು ನನ್ನ ಅನಿಸಿಕೆ. 2006ರಲ್ಲಿ ಸ್ಟಾಲಿನ್ ಆಡಳಿತಕ್ಕೆ ಬಲಿಯಾದವರ ನೆನಪಿಗಾಗಿ ಸ್ಮಾರಕದ ಹೊರಗೆ ಇಟ್ಟ ಚಿಕ್ಕ ಕಲ್ಲನ್ನೂ ತಪ್ಪದೆ ನೋಡಬೇಕು.

ಸಮಯವಿದ್ದರೆ ಅದೇ ಆವರಣದಲ್ಲಿರುವ ಕಲಾವಿದೆ ಕೇಟೆ ಕೊಲ್ವಿಟ್ಸ್ ಅವರ ಕುಟುಂಬದ ಸಮಾಧಿಗೂ ಹೋಗಬಹುದು. 1913ರಲ್ಲಿ ಮಾರ್ಚ್ ಸ್ಮಶಾನಕ್ಕೆ ಬಂದ ಕಾರ್ಮಿಕರನ್ನು ಕಲ್ಲಚ್ಚಿನಲ್ಲಿ ಚಿತ್ರಿಸಿದವರೂ, ಆಮೇಲೆ ಲೀಬ್‌ಕ್ನೆಕ್ಟ್ ಅವರ ಶವದ ಸುತ್ತ ನೆರೆದ ಜನರನ್ನು ಮರದಚ್ಚಿನಲ್ಲಿ ಕೆತ್ತಿದವರೂ ಅವರೇ. ಲಕ್ಸೆಂಬರ್ಗ್ ಮತ್ತು ಲೀಬ್‌ಕ್ನೆಕ್ಟ್ ಅವರ ನೆನಪಿಗೆ ಜನವರಿಯ ಎರಡನೆಯ ಭಾನುವಾರ ಕೆಂಪು ಕಾರ್ನೇಷನ್ ಹೂ ಹಿಡಿದ ಸಾವಿರಾರು ಜನ ಫ್ರೀಡ್ರಿಕ್ಸ್‌ಫೆಲ್ಡೆಗೆ ಬರುತ್ತಾರೆ. ಮೆರವಣಿಗೆಯನ್ನು ಕಾಣಬೇಕೆನ್ನುವವರು ಆ ದಿನ ಹೋಗಲಿ, ಕಲ್ಲುಗಳನ್ನು ನಿಧಾನವಾಗಿ ಓದಬೇಕೆನ್ನುವವರು ಬೇರೆ ದಿನವನ್ನು ಗೊತ್ತುಮಾಡಿಕೊಳ್ಳುವುದು ಒಳಿತು.